ಕೂಸಿನ ಕೈಗೆ ಓಟ್ಸ್ ತುಂಡು: ಹದ ತಪ್ಪುವುದು ಎಲ್ಲಿ?

ಮಗು ತಾನೇ ಹಿಡಿದು ತಿನ್ನುವ ಓಟ್ಸ್ ತುಂಡು ಮುಷ್ಟಿಯಲ್ಲಿ ಪುಡಿಯಾಗಬಾರದು, ಒಸಡಿಗೆ ಸಿಕ್ಕ ಕೂಡಲೇ ಮೆತ್ತಗಾಗಿಬಿಡಬೇಕು. ಇವೆರಡೂ ಒಟ್ಟಿಗೆ ಕೂಡಿಬರುವುದು ಓಟ್ಸ್ ಸರಿಯಾಗಿ ನೆನೆದಾಗ ಮಾತ್ರ. ಒಲೆಯ ಮುಂದಿನ ಕೆಲಸಕ್ಕಿಂತ ನೆನೆಯಲು ಬಿಡುವ ಆ 10 ನಿಮಿಷವೇ ಮುಖ್ಯ.

ಆರು ತಿಂಗಳು ತುಂಬಿರಬೇಕು, ಕತ್ತು ನಿಂತಿರಬೇಕು, ಸ್ವಲ್ಪ ಆಸರೆ ಕೊಟ್ಟರೆ ನೇರವಾಗಿ ಕೂರಬೇಕು, ಬಾಯಿಗಿಟ್ಟದ್ದನ್ನು ನಾಲಿಗೆಯಿಂದ ಹೊರಗೆ ತಳ್ಳುವುದು ನಿಂತಿರಬೇಕು. ಅಲ್ಲಿಯವರೆಗೆ ಬೇಡ. ‘ಹಲ್ಲೇ ಬಂದಿಲ್ಲವಲ್ಲ’ ಎಂದು ಮನೆಯ ಹಿರಿಯರು ಕೇಳುವುದುಂಟು. ಮೆತ್ತಗಿನ ತುಂಡಿಗೆ ಒಸಡೇ ಸಾಕು. ರಾಗಿ ಸರಿಯನ್ನು ನಿಲ್ಲಿಸಬೇಕಾಗಿಯೂ ಇಲ್ಲ. ರಾಗಿಯಷ್ಟು ಕ್ಯಾಲ್ಸಿಯಂ ಓಟ್ಸ್‌ನಲ್ಲಿಲ್ಲ, ಒಂದರ ಜೊತೆಗೆ ಇನ್ನೊಂದು ಇರಲಿ.

ಅಂಗಡಿಯಲ್ಲಿ ಕ್ವಿಕ್ ಓಟ್ಸ್ ತೆಗೆದುಕೊಳ್ಳಿ. ದಪ್ಪ ರೋಲ್ಡ್ ಓಟ್ಸ್ ಇದ್ದರೆ ಮಿಕ್ಸಿಯಲ್ಲಿ ಎರಡು ಸುತ್ತು ತಿರುಗಿಸಿ ತರಿತರಿ ಮಾಡಿಕೊಳ್ಳಿ. ಸ್ಟೀಲ್ ಕಟ್ ಓಟ್ಸ್ ಈ ಕೆಲಸಕ್ಕೆ ಆಗದು: ಬೇಗ ಬೇಯುವುದಿಲ್ಲ, ಕಾಳು ಕಾಳಾಗಿ ಉಳಿಯುತ್ತದೆ. ಮಸಾಲೆ ಓಟ್ಸ್ ಪೊಟ್ಟಣ ಬೇಡವೇ ಬೇಡ, ಅದರಲ್ಲಿ ಉಪ್ಪಿದೆ. ವರ್ಷ ತುಂಬುವ ತನಕ ಉಪ್ಪು, ಸಕ್ಕರೆ, ಬೆಲ್ಲ ಹಾಕಬೇಡಿ. ಜೇನುತುಪ್ಪವಂತೂ ಒಂದು ತೊಟ್ಟೂ ಕೂಡದು. ಅದರಲ್ಲಿರಬಹುದಾದ ಬ್ಯಾಕ್ಟೀರಿಯಾ ಬೀಜಾಣುಗಳಿಂದ ಎಳೆ ಮಕ್ಕಳಿಗೆ ಬಾಟ್ಯುಲಿಸಂ (ಸ್ನಾಯುಗಳ ಬಲ ಕುಂದಿಸುವ ಗಂಭೀರ ಕಾಯಿಲೆ) ಬರುವ ಅಪಾಯವಿದೆ, ಬೇಯಿಸಿದರೂ ಆ ಬೀಜಾಣು ಸಾಯುವುದಿಲ್ಲ.

ಮೊದಲ ಸಲಕ್ಕೆ ಹಬೆಯಲ್ಲಿ ಬೇಯಿಸಿದ ತುಂಡು ಒಳ್ಳೆಯದು. 4 ದೊಡ್ಡ ಚಮಚ ಕ್ವಿಕ್ ಓಟ್ಸ್‌ಗೆ 4 ದೊಡ್ಡ ಚಮಚ ಎದೆಹಾಲು, ಫಾರ್ಮುಲಾ ಹಾಲು ಅಥವಾ ನೀರು. ಕಲಸಿ 10 ನಿಮಿಷ ಬಿಡಿ. ಬಟ್ಟಲು ಓರೆ ಮಾಡಿದರೆ ಹಾಲು ಹರಿಯಬಾರದು. ಹರಿದರೆ ಇನ್ನೂ ಐದು ನಿಮಿಷ ಕಾಯಿರಿ, ಓಟ್ಸ್ ಸೇರಿಸಬೇಡಿ. ತುಪ್ಪ ಸವರಿದ ಚಪ್ಪಟೆ ತಟ್ಟೆಗೆ ಹಾಕಿ ಚಮಚದ ಬೆನ್ನಿನಿಂದ ಒತ್ತಿ, ಕಿರುಬೆರಳಿನ ದಪ್ಪಕ್ಕೆ ಸಮ ಮಾಡಿ. ಒತ್ತುವುದರಲ್ಲಿ ಸೋಮಾರಿತನ ಮಾಡಿದರೆ ತುಂಡು ಮಗುವಿನ ಕೈಯಲ್ಲೇ ಒಡೆಯುತ್ತದೆ. ಮೇಲೊಂದು ತಟ್ಟೆ ಮುಚ್ಚಿ, ಇಡ್ಲಿ ಪಾತ್ರೆಯಲ್ಲಿ ಮಧ್ಯಮ ಉರಿಯಲ್ಲಿ 10 ನಿಮಿಷ ಬೇಯಿಸಿ. ಮುಚ್ಚದಿದ್ದರೆ ಮುಚ್ಚಳದ ಹನಿ ಬಿದ್ದು ಮೇಲ್ಭಾಗ ಗಂಜಿಯಾಗುತ್ತದೆ. ಇಳಿಸಿದ ತಕ್ಷಣ ಕತ್ತರಿಸಲು ಹೋಗಬೇಡಿ. ಆರುತ್ತಾ ಬಂದಂತೆ ಪಿಷ್ಟ ಗಟ್ಟಿಯಾಗಿ ತುಂಡಿಗೆ ಹಿಡಿತ ಬರುತ್ತದೆ, ಅದಕ್ಕೆ 10–15 ನಿಮಿಷ ಬೇಕು. ಆಮೇಲೆ 6 ಸೆಂಟಿಮೀಟರ್ ಉದ್ದಕ್ಕೆ ಕತ್ತರಿಸಿ. ಈ ವಯಸ್ಸಿನಲ್ಲಿ ಮಗು ಇಡೀ ಅಂಗೈಯಿಂದ ಹಿಡಿಯುತ್ತದೆ. ಮುಷ್ಟಿಯಿಂದ ಆಚೆಗೆ ಒಂದಿಷ್ಟು ತುಂಡು ಕಾಣಿಸದಿದ್ದರೆ ಅದರ ಬಾಯಿಗೆ ಏನೂ ಸಿಗದು.

ಕೊಡುವ ಮೊದಲು ಒಂದು ತುಂಡನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಹಿಸುಕಿ ನೋಡಿ. ಹೆಚ್ಚು ಬಲ ಹಾಕದೆ ಜಜ್ಜಿಹೋಗಬೇಕು. ರಬ್ಬರಿನಂತೆ ಮತ್ತೆ ಉಬ್ಬಿ ನಿಂತರೆ ಅದು ಮಗುವಿಗಲ್ಲ. ಬೆರಳಿಗೆ ಅಂಟಿ ಎಳೆ ಬಂದರೂ ಅಲ್ಲ, ಅಂಗುಳಿಗೆ ಮೆತ್ತಿಕೊಳ್ಳುತ್ತದೆ. ಈ ಅಂಟಿಗೆ ಕಾರಣ ಓಟ್ಸ್‌ನ ಬೀಟಾ ಗ್ಲೂಕನ್ ಎಂಬ ನಾರು. ನೀರು ಕುಡಿದಾಗ ಅದು ಲೋಳೆಯಂತಾಗಿ ತುಂಡನ್ನು ಕೂಡಿಸಿ ಹಿಡಿಯುತ್ತದೆ. ನೆನೆದ ಓಟ್ಸನ್ನು ಮಿಕ್ಸಿಗೆ ಹಾಕಿದರೆ ಅಥವಾ ಬಹಳ ನಾದಿದರೆ ಅತಿಯಾಗಿ ಹೊರಬಂದು ಗೋಂದಾಗುತ್ತದೆ. ಕಲಸಿ, ಕೈ ತೊಳೆದು ಸುಮ್ಮನಿರಿ.

ಓಟ್ಸ್ ಒಗ್ಗಿದ ಮೇಲೆ ಗೆಣಸಿನದ್ದು ಮಾಡಬಹುದು. ಬೇಯಿಸಿ ಮಸೆದ ಗೆಣಸು ಅರ್ಧ ಕಪ್, ಓಟ್ಸ್ ಪುಡಿ 4 ದೊಡ್ಡ ಚಮಚ, ತುಪ್ಪ 1 ಸಣ್ಣ ಚಮಚ. ಗೆಣಸನ್ನು ನೀರಿಗೆ ಹಾಕದೆ ಹಬೆಯಲ್ಲೇ ಬೇಯಿಸಿ. ನೀರು ಹೀರಿದ ಗೆಣಸು ಕೈಗಂಟುತ್ತದೆಂದು ಪುಡಿ ಸುರಿಯುತ್ತಾ ಹೋದರೆ, ತುಂಡು ಆರಿದ ಮೇಲೆ ಬಿಸ್ಕತ್ತಿನಂತೆ ಗಟ್ಟಿ. ಸಿಹಿಗುಂಬಳವಾದರೆ ಬೆಂದ ಮೇಲೆ ಬಾಣಲೆಯಲ್ಲಿ ಎರಡು ನಿಮಿಷ ಬಾಡಿಸಿ ನೀರು ಆರಿಸಿಕೊಳ್ಳಿ. ಕಲಸಿದ್ದನ್ನು 10 ನಿಮಿಷ ಬಿಟ್ಟು, ಬೆರಳಿನ ಆಕಾರ ಮಾಡಿ, ತುಪ್ಪ ಸವರಿದ ಕಾವಲಿಯ ಮೇಲೆ ಮುಚ್ಚಳ ಮುಚ್ಚಿ ಸಣ್ಣ ಉರಿಯಲ್ಲಿ ಒಂದೊಂದು ಬದಿ 3 ನಿಮಿಷ. ಉರಿ ಜೋರಾದರೆ ಹೊರಗೆ ಗರಿಗರಿ ಪದರ ಬರುತ್ತದೆ. ನಮಗದು ರುಚಿ, ಕೂಸಿನ ಗಂಟಲಿಗಲ್ಲ.

ಬಾಳೆಹಣ್ಣಿಗೂ ಇದೇ ಕ್ರಮ: ಅರ್ಧ ಕಪ್ ಮಸೆದ ಪಚ್ಚಬಾಳೆಗೆ ಅರ್ಧ ಕಪ್ ಕ್ವಿಕ್ ಓಟ್ಸ್.

ಓಟ್ಸನ್ನು ಮೊದಲು ಬೇರೆ ಹೊಸ ಪದಾರ್ಥದೊಂದಿಗೆ ಬೆರೆಸದೆ, ಹಗಲು ಹೊತ್ತು, ಸ್ವಲ್ಪವೇ ಕೊಡಿ. ಅಪರೂಪಕ್ಕೆ ಕೆಲವು ಮಕ್ಕಳಿಗೆ ತಿಂದ 1ರಿಂದ 4 ಗಂಟೆಯ ನಂತರ ಮತ್ತೆ ಮತ್ತೆ ವಾಂತಿಯಾಗಿ, ಮಗು ಬಿಳಚಿಕೊಂಡು ಸುಸ್ತಾಗುತ್ತದೆ. ತಡವಾಗಿ ಬರುವುದರಿಂದ ಓಟ್ಸ್ ಮೇಲೆ ಸಂಶಯವೇ ಬರುವುದಿಲ್ಲ. ಹಾಗಾದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ, ಏನು ಕೊಟ್ಟಿದ್ದೀರೆಂದು ಹೇಳಿ.

ತಿನ್ನುವಾಗ ಮಗು ನೇರವಾಗಿ ಕೂತಿರಲಿ, ಪಕ್ಕದಲ್ಲಿ ಒಬ್ಬರು ಇರಲೇಬೇಕು. ಓಕರಿಸಿ, ಮುಖ ಕೆಂಪಾಗಿ, ಸದ್ದು ಮಾಡುತ್ತಿದ್ದರೆ ತುಂಡನ್ನು ತಾನೇ ಮುಂದಕ್ಕೆ ತರುತ್ತಿದೆ; ಬೆರಳು ಹಾಕಿ ಒಳಕ್ಕೆ ತಳ್ಳಬೇಡಿ. ಸದ್ದೇ ಇಲ್ಲದೆ, ಕೆಮ್ಮಲೂ ಆಗದೆ ತುಟಿ ನೀಲಿಯಾಗುತ್ತಿದ್ದರೆ ಉಸಿರು ಕಟ್ಟಿದೆ. ಕೂಡಲೇ ತಲೆ ಕೆಳಗೆ ಬರುವಂತೆ ಮುಂಗೈ ಮೇಲೆ ಬೋರಲಾಗಿಸಿ, ಹೆಗಲ ಮೂಳೆಗಳ ನಡುವೆ 5 ಪೆಟ್ಟು. ಬರದಿದ್ದರೆ ಅಂಗಾತ ಮಾಡಿ ಎದೆಯ ನಡುವೆ 5 ಒತ್ತು. ಹೀಗೇ ಮುಂದುವರಿಸುತ್ತಾ, ಇನ್ನೊಬ್ಬರಿಂದ 108ಕ್ಕೆ ಫೋನ್ ಮಾಡಿಸಿ. ಮೊದಲ ತುಂಡು ಕೊಡುವ ಮುನ್ನವೇ ಮಕ್ಕಳ ವೈದ್ಯರ ಬಳಿ ಇದನ್ನು ಮಾಡಿ ತೋರಿಸಲು ಕೇಳಿ, ಮಗುವನ್ನು ನೋಡಿಕೊಳ್ಳುವ ಅಜ್ಜಿಯನ್ನೂ ಕರೆದುಕೊಂಡು ಹೋಗಿ.

ಉಳಿದ ತುಂಡು ಫ್ರಿಜ್‌ನಲ್ಲಿ ಮುಚ್ಚಿಟ್ಟರೆ ಮರುದಿನಕ್ಕೆ ಆಗುತ್ತದೆ. ಎದೆಹಾಲಿನಲ್ಲಿ ಕಲಸಿದ್ದನ್ನು ಮಾತ್ರ ಅಂದಂದೇ ಮುಗಿಸಿ. ತಣ್ಣಗಿನ ತುಂಡು ಗಟ್ಟಿಯಾಗಿರುತ್ತದೆ. 3 ನಿಮಿಷ ಹಬೆ ತೋರಿಸಿ, ಆರಿಸಿ, ಮತ್ತೊಮ್ಮೆ ಹಿಸುಕಿ ನೋಡಿಯೇ ಕೊಡಿ.