ಅಪ್ಪನ ಹಿಮ್ಮಡಿಯ ಗಂಟು

ಅಪ್ಪನ ಹಿಮ್ಮಡಿಯ ಮೇಲೆ ಅಡಿಕೆ ಗಾತ್ರದ ಗಂಟಿತ್ತು. ಕೇಳಿದರೆ "ಚಪ್ಪಲಿ ಉಜ್ಜಿ ಆಗಿದ್ದು" ಅನ್ನುತ್ತಿದ್ದರು. ಸೋದರತ್ತೆಗೂ ಇತ್ತು. ಅತ್ತೆ ಚಪ್ಪಲಿ ಮೆಟ್ಟಿದ್ದನ್ನು ನಾನು ನೋಡಿದ್ದೇ ಕಡಿಮೆ. ಆದರೂ ಯಾರಿಗೂ ಅನುಮಾನ ಬರಲಿಲ್ಲ.

ಅಪ್ಪ 47ಕ್ಕೇ ಹಾರ್ಟ್ ಅಟ್ಯಾಕ್ ಆಗಿ ಹೋದರು. ತೆಳ್ಳಗಿದ್ದರು, ತೋಟದಲ್ಲಿ ದಿನಾ ಓಡಾಟ, ಬೀಡಿ ಮುಟ್ಟಿದವರಲ್ಲ. "ತಲೆಗೆ ಜಾಸ್ತಿ ಹಚ್ಕೊಳ್ತಿದ್ದ" ಅಂತ ಊರವರು ಮಾತು ಮುಗಿಸಿದರು.

ಕಳೆದ ವರ್ಷ ಆಫೀಸಿನ ಹೆಲ್ತ್ ಚೆಕಪ್‌ನಲ್ಲಿ ನನ್ನ ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟರಾಲ್, 246 ಬಂತು. ಮೂರು ತಿಂಗಳು ಒಣ ಚಪಾತಿ, ಬೆಳಗ್ಗೆ ವಾಕಿಂಗ್. ಯುಗಾದಿ ಹೋಳಿಗೆಯನ್ನೂ ತುಪ್ಪ ಇಲ್ಲದೆ ತಿಂದೆ. ಮತ್ತೆ ಟೆಸ್ಟ್ ಮಾಡಿಸಿದರೆ 231. ಇಷ್ಟಕ್ಕಾ ಅಷ್ಟು ಒದ್ದಾಡಿದ್ದು!

ಡಾಕ್ಟರು ರಿಪೋರ್ಟ್ ನೋಡಿ "ಸಾಕ್ಸ್ ಬಿಚ್ಚಿ" ಅಂದರು. ಹಿಮ್ಮಡಿಯ ಹಿಂದೆ ಹಗ್ಗದ ಹಾಗೆ ಕೈಗೆ ಸಿಗುತ್ತದಲ್ಲ, ಆ ಸ್ನಾಯುರಜ್ಜುವನ್ನು ಎರಡು ಬೆರಳಲ್ಲಿ ಹಿಡಿದು ಮೇಲಿಂದ ಕೆಳಗೆ ಸವರಿದರು. "ಮನೇಲಿ ಇನ್ಯಾರಿಗಾದ್ರೂ ಇಲ್ಲಿ ದಪ್ಪ ಇದೆಯಾ?" ನನಗೆ ಅಪ್ಪನ ಕಾಲು ಕಣ್ಣೆದುರು ಬಂತು. ಆ ಗಂಟು ಕೊಲೆಸ್ಟರಾಲ್ ಕೂಡಿಕೊಂಡು ಆಗಿದ್ದಂತೆ.

ಇದಕ್ಕೆ ಫೆಮಿಲಿಯಲ್ ಹೈಪರ್‌ಕೊಲೆಸ್ಟರಾಲೆಮಿಯಾ ಅಂತ ಹೆಸರು. ಹೆಸರು ಬಾಯಿ ತಿರುಗದಿದ್ದರೂ ಕಾಯಿಲೆ ಅಪರೂಪದ್ದಲ್ಲ, ಸುಮಾರು 250 ಜನರಲ್ಲಿ ಒಬ್ಬರಿಗಿರುತ್ತದೆ. ರಕ್ತದಲ್ಲಿರುವ ಎಲ್‌ಡಿಎಲ್ ಅನ್ನು ಹಿಡಿದು ಒಳಗೆ ಎಳೆದುಕೊಳ್ಳಲು ಲಿವರ್‌ನಲ್ಲಿ ಕೊಕ್ಕೆಯಂಥವು ಇರುತ್ತವೆ. ಜೀನ್ ಕೆಟ್ಟರೆ ಕೊಕ್ಕೆ ಸಾಲುವುದಿಲ್ಲ. ಎಲ್‌ಡಿಎಲ್ ಹುಟ್ಟಿದಾಗಿನಿಂದಲೇ ರಕ್ತದಲ್ಲಿ ಉಳಿದು ರಕ್ತನಾಳದ ಗೋಡೆಗೆ ಸೇರುತ್ತಾ ಹೋಗುತ್ತದೆ. ಈ ಕೊಕ್ಕೆಯನ್ನು ಕಂಡುಹಿಡಿದ ಬ್ರೌನ್ ಮತ್ತು ಗೋಲ್ಡ್‌ಸ್ಟೀನ್‌ಗೆ 1985ರಲ್ಲೇ ನೊಬೆಲ್ ಬಂದಿದೆ. ನಾವಿನ್ನೂ ಚಪ್ಪಲಿಯನ್ನೇ ಬೈಯುತ್ತಿದ್ದೆವು.

ಅಪ್ಪ, ಅಮ್ಮ ಇಬ್ಬರಲ್ಲಿ ಒಬ್ಬರಿಂದ ಆ ಜೀನ್ ಬಂದರೂ ಸಾಕು. ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ, ನಾಣ್ಯ ಚಿಮ್ಮಿದ ಹಾಗೆ. ಈಗ ರಾತ್ರಿ ಕೊಲೆಸ್ಟರಾಲ್ ಇಳಿಸುವ ಮಾತ್ರೆ ರೋಸುವಾಸ್ಟಾಟಿನ್, ಜೊತೆಗೆ ಎಜೆಟಿಮೈಬ್ ನುಂಗುತ್ತೇನೆ. ಎಲ್‌ಡಿಎಲ್ 94ಕ್ಕೆ ಇಳಿದಿದೆ. ಒಂಬತ್ತು ವರ್ಷದ ಮಗಳ ರಕ್ತವನ್ನೂ ಕೊಟ್ಟು ಬಂದೆ. ಸೂಜಿಗಿಂತ ಆಮೇಲೆ ಸಿಗುವ ಐಸ್‌ಕ್ರೀಮಿನ ಬಗ್ಗೆಯೇ ಅವಳಿಗೆ ಯೋಚನೆ. ರಿಪೋರ್ಟ್ ನಾಳೆ ಬರುತ್ತದೆ.

ಕಷ್ಟ ಆಗಿದ್ದು ಅಣ್ಣನನ್ನು ಒಪ್ಪಿಸೋದು. "ನಂಗೇನಾಗಿದೆ, ಗುಂಡುಕಲ್ಲಿನ ಹಾಗಿದ್ದೀನಿ" ಅಂದ. ಸುಮ್ನೆ ಹಿಮ್ಮಡಿ ಫೋಟೋ ಕಳಿಸು ಅಂತ ಕಾಡಿದೆ. ನಿನ್ನೆ ರಾತ್ರಿ ವಾಟ್ಸಾಪ್‌ನಲ್ಲಿ ಬಂತು. ಎರಡೂ ಕಾಲಲ್ಲಿ ಗಂಟು. ಕೆಳಗೆ ಬರೆದಿದ್ದ: "ಹೊಸ ಶೂ ಕಣೋ, ಉಜ್ಜಿರಬೇಕು."