"ಜನ ನಿಲ್ಲೋದಿಲ್ಲ, ನೀವು ಹೇಗೆ ಉಳಿಸಿಕೊಳ್ತೀರಿ?": ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಉಡುಪಿ ಜಿಲ್ಲೆಯ ಒಂದು ಗೇರುಬೀಜ ಕಾರ್ಖಾನೆಯಲ್ಲಿ ಕೆಲಸಗಾರರ ವಿಚಾರ ನೋಡಿಕೊಳ್ಳುವುದು ನನ್ನ ಉದ್ಯೋಗ. ನೇಮಕ, ರಜೆ, ಸಂಬಳ, ಪಿಎಫ್, ಇಎಸ್‌ಐ (ಕೆಲಸಗಾರರ ಆರೋಗ್ಯ ವಿಮೆ), ಜಗಳ ಎಲ್ಲವೂ ನನ್ನ ಮೇಜಿಗೇ ಬರುತ್ತದೆ. ಬೇರೆ ಕಾರ್ಖಾನೆಯವರು ಮದುವೆ ಮನೆಯಲ್ಲಿ ಸಿಕ್ಕರೂ, ಮಂಗಳೂರಿನ ಬೈಕಂಪಾಡಿ ಕೈಗಾರಿಕಾ ಪ್ರದೇಶದಲ್ಲಿ ಸಿಕ್ಕರೂ ಕೇಳುವುದು ಇದನ್ನೇ: "ಜನ ನಿಲ್ಲೋದೇ ಇಲ್ಲ ಮಾರಾಯ್ರೆ, ನೀವು ಹೇಗೆ ಉಳಿಸಿಕೊಳ್ತೀರಿ?"

ಕೇಳುವಾಗಲೇ ಅವರ ಮನಸ್ಸಲ್ಲಿ ಒಂದು ಉತ್ತರ ಇರುತ್ತದೆ. ಈಗಿನವರಿಗೆ ನಿಯತ್ತಿಲ್ಲ, ಸ್ವಲ್ಪ ಜಾಸ್ತಿ ಕೊಟ್ಟರೆ ಆಚೆ ಹೋಗುತ್ತಾರೆ, ಯಾವಾಗ ನೋಡಿದರೂ ರಜೆ. ನಾನು ಇದನ್ನು ಒಪ್ಪುವುದಿಲ್ಲ. ಕೆಲಸಗಾರರನ್ನು ತಿದ್ದಲು ಹೊರಡುವ ಮೊದಲು ಅವರ ಕೆಲಸಕ್ಕೆ ಏನು ಅಡ್ಡ ಬರುತ್ತಿದೆ ಅಂತ ನೋಡಿ, ಅದನ್ನು ತೆಗೆಯಿರಿ. ನನ್ನ ಉತ್ತರ ಇಷ್ಟೇ. ಆದರೆ ಇದನ್ನು ಬಿಡಿಸಿ ಹೇಳಬೇಕು.

ಸಿಪ್ಪೆ ತೆಗೆಯುವ ವಿಭಾಗವನ್ನೇ ನೋಡಿ. ಬೀಜವನ್ನು ಹಬೆಯಲ್ಲಿ ಬೇಯಿಸಿ, ಒಡೆದು, ಒಳಗಿನ ತಿರುಳನ್ನು ಬೋರ್ಮಾದಲ್ಲಿ, ಅಂದರೆ ಬಿಸಿಗಾಳಿಯ ಒಲೆಯಲ್ಲಿ, ಗಂಟೆಗಟ್ಟಲೆ ಒಣಗಿಸುತ್ತಾರೆ. ಹದವಾಗಿ ಒಣಗಿದ್ದರೆ ಕೆಂಪು ಸಿಪ್ಪೆ ಬೆರಳಲ್ಲಿ ಉಜ್ಜಿದರೆ ಸಾಕು, ಬಿಟ್ಟುಕೊಳ್ಳುತ್ತದೆ. ಕಡಿಮೆ ಒಣಗಿದ್ದರೆ ಚೂರಿಯಲ್ಲಿ ಕೆರೆಯಬೇಕು. ಜಾಸ್ತಿ ಒಣಗಿದರೆ ತಿರುಳು ಪಟಪಟನೆ ತುಂಡಾಗುತ್ತದೆ. ಇಲ್ಲಿ ಕೂಲಿ ಕಿಲೋ ಲೆಕ್ಕದಲ್ಲಿ. ಇಡೀ ಬೀಜಕ್ಕೂ ತುಂಡಿಗೂ ಬೆಲೆಯಲ್ಲಿ ತುಂಬಾ ಅಂತರ ಇದೆ. ಡಬ್ಲ್ಯೂ 320 ಅನ್ನುವ ದರ್ಜೆ ಅಂದರೆ ಒಂದು ಪೌಂಡಿಗೆ 300ರಿಂದ 320 ಇಡೀ ಬೀಜ. ತುಂಡಾದರೆ ಆ ದರ್ಜೆಯೇ ಹೋಯಿತು. ಆಗ ಬೈಗುಳ ಯಾರಿಗೆ? ಸಿಪ್ಪೆ ತೆಗೆದ ಹೆಂಗಸಿಗೆ. ಅವರ ಮುಂದೆ ಬಂದ ಟ್ರೇ ಹೇಗಿತ್ತು ಅಂತ ಯಾರೂ ಕೇಳುವುದಿಲ್ಲ.

ಮಳೆಗಾಲದಲ್ಲಿ ಇದು ಇನ್ನೂ ಕಷ್ಟ. ನಮ್ಮ ಕರಾವಳಿಯ ಜೂನ್, ಜುಲೈ ಹೇಗಿರುತ್ತದೆ ಅಂತ ನಿಮಗೆ ಗೊತ್ತಲ್ವಾ? ಬೋರ್ಮಾದಿಂದ ಹೊರಗೆ ತೆಗೆದ ತಿರುಳು ಮತ್ತೆ ತೇವ ಎಳೆದುಕೊಳ್ಳುತ್ತದೆ, ಸಿಪ್ಪೆ ಅಂಟಿಕೊಳ್ಳುತ್ತದೆ. ಅದೇ ಕೈ, ಅಷ್ಟೇ ಹೊತ್ತು, ಆದರೆ ಕಿಲೋ ಕಡಿಮೆ, ಕೂಲಿಯೂ ಕಡಿಮೆ. ಎರಡು ಮೂರು ವಾರ ಹೀಗಾದರೆ ಅವರು ಬರುವುದನ್ನು ನಿಲ್ಲಿಸುತ್ತಾರೆ. ರಿಜಿಸ್ಟರಿನಲ್ಲಿ ಮಾತ್ರ "ಹೇಳದೆ ಬಿಟ್ಟರು" ಅಂತ ಬರೆದಿರುತ್ತದೆ.

ನಮ್ಮಲ್ಲಿ ಈಗ ಪ್ರತಿ ಟ್ರೇಯ ಮೇಲೂ ಬೋರ್ಮಾದ ಬ್ಯಾಚ್ ಚೀಟಿ ಇರುತ್ತದೆ. ಸಿಪ್ಪೆ ಬಿಡುತ್ತಿಲ್ಲ ಅಂತ ಹೇಳಿದರೆ ಆ ಟ್ರೇ ವಾಪಸ್ ಒಣಗಲು ಹೋಗುತ್ತದೆ. ಕಾದ ಹೊತ್ತಿಗೆ ದಿನಗೂಲಿಯ ಲೆಕ್ಕ ಹಾಕುತ್ತೇವೆ. "ಹೀಗೆ ಮಾಡಿದರೆ ಎಲ್ಲರೂ ಸುಮ್ನೆ ಟ್ರೇ ವಾಪಸ್ ಮಾಡ್ತಾರೆ" ಅಂತ ಮಾಲೀಕರಿಗೆ ಆತಂಕ ಇತ್ತು. ಹಾಗೇನೂ ಆಗಲಿಲ್ಲ. ಕಿಲೋ ಲೆಕ್ಕದಲ್ಲಿ ದುಡಿಯುವವರಿಗೆ ಬೇಕಾಗಿರುವುದು ಒಳ್ಳೆ ಟ್ರೇ. ಕಾದು ಕೂರುವುದು ಯಾರಿಗೂ ಇಷ್ಟವಿಲ್ಲ. ಬೋರ್ಮಾ ನೋಡಿಕೊಳ್ಳುವವರಿಗೂ ತಮ್ಮ ಕೆಲಸದ ಹದ ಮುಂದೆ ಯಾರಿಗೆ ತಾಗುತ್ತದೆ ಅಂತ ಕಾಣತೊಡಗಿತು.

ಬಸ್ಸಿನ ವಿಷಯವೂ ಹೀಗೇ. 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಉಚಿತ ಪ್ರಯಾಣ ಬಂತು. ಆದರೆ ನಮ್ಮ ಹಳ್ಳಿ ರೂಟುಗಳಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು. ಇಲ್ಲಿ ಟಿಕೆಟ್ ಕೊಡಲೇಬೇಕು. ಅದರ ಮೇಲೆ ಕೆಲಸ ಬಿಡುವ ಹತ್ತು ನಿಮಿಷ ಮೊದಲೇ ಬಸ್ಸು ಹೋದರೆ ಮುಂದಿನದಕ್ಕೆ ಮುಕ್ಕಾಲು ಗಂಟೆ ಕಾಯಬೇಕು. ಮನೆಯಲ್ಲಿ ಮಕ್ಕಳು ಶಾಲೆಯಿಂದ ಬಂದಿರುತ್ತಾರೆ. ಊಟದ ಬಿಡುವು ಸ್ವಲ್ಪ ಕಡಿಮೆ ಮಾಡಿ ಬೇಗ ಬಿಡಿ ಅಂತ ಕೆಲಸದವರೇ ಹೇಳಿದರು, ಹಾಗೇ ಮಾಡಿದೆವು.

ಇನ್ನು ರಜೆ. ಇಲ್ಲಿನವರು ರಜೆ ಜಾಸ್ತಿ ಹಾಕುತ್ತಾರೆ ಅಂತ ದೂರುವವರಿಗೆ ನಾನು ಒಂದೇ ಮಾತು ಕೇಳುತ್ತೇನೆ: ಕುಟುಂಬದ ಮನೆಯ ಕೋಲ, ಅಂದರೆ ದೈವದ ಆರಾಧನೆ, ಯಾವತ್ತು ಅಂತ ನೀವು ಮೊದಲೇ ವಿಚಾರಿಸಿದ್ದೀರಾ? ದೀಪಾವಳಿಯಿಂದ ಪತ್ತನಾಜೆವರೆಗೆ, ಅಂದರೆ ಮೇ ಕೊನೆಯವರೆಗೆ, ಕೋಲ, ನೇಮ, ಜಾತ್ರೆ ಇದ್ದೇ ಇರುತ್ತದೆ. ಆಮೇಲೆ ನಾಗರಪಂಚಮಿ, ಅಷ್ಟಮಿ, ಕ್ರೈಸ್ತರಿಗೆ ಸೆಪ್ಟೆಂಬರ್ 8ರ ಮೊಂತಿ ಹಬ್ಬ. ರಂಜಾನ್ ತಿಂಗಳಲ್ಲಿ ಕೆಲವರಿಗೆ ಬೇಗ ಮನೆ ಸೇರಬೇಕು. ಇದರಲ್ಲಿ ಹೆಚ್ಚಿನವು ಮೊದಲೇ ಗೊತ್ತಿರುವ ದಿನಗಳು. ಕೇಳಿ ಬರೆದುಕೊಂಡರೆ ಆಯಿತು. ಕೋಲಕ್ಕೆ ಹೋಗಲು ಹೊಟ್ಟೆನೋವಿನ ಸುಳ್ಳು ಹೇಳಬೇಕಾದ ಕಡೆ ಯಾರೂ ಮನಸ್ಸಿಟ್ಟು ದುಡಿಯುವುದಿಲ್ಲ. ಒಡಿಶಾ, ಜಾರ್ಖಂಡ್‌ನಿಂದ ಬಂದವರಿಗೆ ಬಿಡಿ ರಜೆಗಿಂತ ಒಟ್ಟಿಗೆ ಊರಿಗೆ ಹೋಗಿ ಬರುವ ದಿನಗಳು ಮುಖ್ಯ. ಅವರದ್ದು ಬೇರೆ ಪಟ್ಟಿ.

ಇಎಸ್‌ಐ ವಿಷಯದಲ್ಲಿ ನನಗೆ ನಿಜವಾಗಿ ಸಂಕಟ ಆಗುತ್ತದೆ. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವರು ಇದರೊಳಗೆ ಬರುತ್ತಾರೆ. ಕೆಲಸಗಾರರಿಂದ ಶೇಕಡಾ 0.75, ನಮ್ಮಿಂದ 3.25. ದುಡ್ಡು ಕಟ್ಟಿದರೆ ಮುಗಿಯಿತು ಅಂದುಕೊಳ್ಳುವವರೇ ಜಾಸ್ತಿ. ಆದರೆ ಕಾಯಿಲೆ ರಜೆಯ ಹಣ, ಅಂದರೆ ವರ್ಷಕ್ಕೆ 91 ದಿನದವರೆಗೆ ಕೂಲಿಯ ಶೇಕಡಾ 70, ಸಿಗಬೇಕಾದರೆ ಅದಕ್ಕೆ ಹೊಂದಿದ ಆರು ತಿಂಗಳ ಅವಧಿಯಲ್ಲಿ ಕನಿಷ್ಠ 78 ದಿನದ ವಂತಿಗೆ ಇರಬೇಕು. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ಹಾಜರಿ ಮುಂದಿನ ಜನವರಿಯಿಂದ ಜೂನ್‌ವರೆಗೆ ಉಪಯೋಗಕ್ಕೆ ಬರುತ್ತದೆ. ಮಳೆ, ಮಗುವಿನ ಜ್ವರ, ನಾಟಿ ಅಂತ ಬಿಟ್ಟು ಬಿಟ್ಟು ಬಂದವರಿಗೆ ಕೆಲವೇ ದಿನ ಕಡಿಮೆ ಬೀಳುತ್ತದೆ. ಆಮೇಲೆ ಆಪರೇಷನ್ ಆಗಿ ಮಲಗಿದಾಗ ಆ ಹಣ ಇಲ್ಲ. ಅದಕ್ಕೇ ಆಗಸ್ಟ್‌ನಲ್ಲೇ ಪಟ್ಟಿ ತೆಗೆದು ಒಬ್ಬೊಬ್ಬರಿಗೂ ಹೇಳುತ್ತೇವೆ: "ಅಕ್ಕ, ನಿಮ್ಮದು ಇನ್ನು ಇಷ್ಟು ದಿನ ಬೇಕು, ಸೆಪ್ಟೆಂಬರ್ ಒಳಗೆ ಹೇಗಾದರೂ ಮಾಡಿ ಬನ್ನಿ." ಇದಕ್ಕೆ ಖರ್ಚು ಏನೂ ಇಲ್ಲ. ಹಾಜರಿ ಪುಸ್ತಕ ನಮ್ಮ ಕೈಯಲ್ಲೇ ಇದೆ, ನಾವೇ ಹೇಳಬೇಕು.

ಇಷ್ಟೆಲ್ಲ ಮಾಡಿದರೂ ರೈಟರ್ ಸರಿ ಇಲ್ಲದಿದ್ದರೆ ಯಾರೂ ನಿಲ್ಲುವುದಿಲ್ಲ. ತೂಕ ಬರೆಯುವವರು, ಟ್ರೇ ಹಂಚುವವರು, ರಜೆಗೆ ಮೊದಲು ಕೇಳಬೇಕಾದವರು ಅವರೇ. ಕೆಲಸಗಾರರಿಗೆ ಕಂಪನಿ ಅಂದರೆ ರೈಟರ್. ಚೆನ್ನಾಗಿ ಲೆಕ್ಕ ಬರೆಯುತ್ತಾರೆ ಅಂತ ಮಾತ್ರ ಒಬ್ಬರನ್ನು ಆ ಜಾಗದಲ್ಲಿ ಕೂರಿಸಬೇಡಿ. ನಾಲ್ಕು ಜನರ ಎದುರು ಬೈಯುವ ಅಭ್ಯಾಸ ಇದೆಯಾ, ತಮಗೆ ಬೇಕಾದವರಿಗೆ ಒಳ್ಳೆ ಟ್ರೇ ಕೊಡುತ್ತಾರಾ ಅಂತ ನೋಡಿ. ತೂಕವನ್ನು ಕೆಲಸಗಾರರ ಕಣ್ಣೆದುರೇ ಮಾಡಿ, ಚೀಟಿ ಕೈಗೆ ಕೊಡಿ. ಹತ್ತು ಅಥವಾ ಹೆಚ್ಚು ಜನ ಇರುವ ಕಡೆ ಲೈಂಗಿಕ ಕಿರುಕುಳದ ದೂರು ಕೇಳುವ ಸಮಿತಿ ಇರಬೇಕು ಅಂತ 2013ರ ಕಾನೂನು ಹೇಳುತ್ತದೆ. ಸಮಿತಿಯಲ್ಲಿ ಯಾರಿದ್ದಾರೆ ಅಂತ ಸಿಪ್ಪೆ ತೆಗೆಯುವವರಿಗೂ ಗೊತ್ತಿರಬೇಕು, ಅವರಲ್ಲೊಬ್ಬರು ಅದರೊಳಗೆ ಇರಬೇಕು.

ಎಷ್ಟು ಮಾಡಿದರೂ ಕೆಲವರು ಹೋಗುತ್ತಾರೆ. ಮದುವೆಯಾಗಿ ಹೋಗುತ್ತಾರೆ, ಹೆರಿಗೆಗೆ ಹೋಗುತ್ತಾರೆ, ಅತ್ತೆಯನ್ನು ನೋಡಿಕೊಳ್ಳಲು ನಿಲ್ಲುತ್ತಾರೆ. ಅವರ ಮೇಲೆ ಸಿಟ್ಟು ಮಾಡಿ ಲೆಕ್ಕ ತಡಮಾಡುವುದು ತಪ್ಪು. ನಾವು ಮೊದಲು ಮಾಡುವುದು ಅವರ ಬಾಕಿ ಕೊಡುವುದು, ಪಿಎಫ್‌ನಲ್ಲಿ ಬಿಟ್ಟ ದಿನಾಂಕ ಹಾಕುವುದು, ಆಧಾರ್‌ನ ಹೆಸರೂ ಪಿಎಫ್‌ನ ಹೆಸರೂ ಒಂದೇ ಇದೆಯಾ ಅಂತ ನೋಡುವುದು. ಜೊತೆಗೆ ಒಂದು ಮಾತು ಹೇಳುತ್ತೇವೆ: ತೀರಾ ಅಗತ್ಯ ಇಲ್ಲದಿದ್ದರೆ ಪಿಂಚಣಿ ಭಾಗವನ್ನು ತೆಗೆಯಬೇಡಿ, ಪಿಂಚಣಿಗೆ ಒಟ್ಟು 10 ವರ್ಷದ ಸೇವೆ ಬೇಕು. ಮಗು ಅಂಗನವಾಡಿಗೆ ಹೋಗಲು ಶುರು ಮಾಡಿದ ಮೇಲೆ ವಾಪಸ್ ಬಂದವರು ನಮ್ಮಲ್ಲಿ ಇದ್ದಾರೆ. ಹಳೆಯ ಪಿಎಫ್ ನಂಬರಿನಲ್ಲೇ ಅವರ ಸೇವೆಯ ವರ್ಷಗಳು ಮುಂದುವರಿಯುತ್ತಿವೆ.