ಐರೋಪ್ಯ ಒಕ್ಕೂಟದ ಚುಕ್ಕಾಣಿ ಯಾರ ಕೈಯಲ್ಲಿರಬೇಕು?

ಐರೋಪ್ಯ ಒಕ್ಕೂಟದ ನಾಯಕರು ಯಾರೆಂದು ಕೇಳಿದರೆ ಒಂದೇ ಹೆಸರು ಹೇಳಿ ಮುಗಿಸಲು ಬರುವುದಿಲ್ಲ. 27 ದೇಶಗಳ ಸರ್ಕಾರಗಳ ಮುಖ್ಯಸ್ಥರು ಒಟ್ಟಿಗೆ ಕುಳಿತು ನಿರ್ಧಾರ ಕೈಗೊಳ್ಳುವ ಯುರೋಪಿಯನ್ ಕೌನ್ಸಿಲ್‌ಗೆ ಒಬ್ಬ ಅಧ್ಯಕ್ಷರಿದ್ದಾರೆ. 2024ರ ಡಿಸೆಂಬರ್‌ನಲ್ಲಿ ಆ ಸ್ಥಾನಕ್ಕೆ ಬಂದವರು ಪೋರ್ಚುಗಲ್‌ನ ಮಾಜಿ ಪ್ರಧಾನಿ, ಗೋವಾ ಮೂಲದ ಕುಟುಂಬದ ಆಂಟೋನಿಯೊ ಕೋಸ್ಟಾ. ಕಾನೂನುಗಳ ಕರಡು ಮಂಡಿಸುವ, ಹೊರದೇಶಗಳೊಡನೆ ವ್ಯಾಪಾರ ಒಪ್ಪಂದಗಳ ಮಾತುಕತೆ ನಡೆಸುವ ಯುರೋಪಿಯನ್ ಕಮಿಷನ್‌ಗೆ 2019ರಿಂದ ಉರ್ಸುಲಾ ವಾನ್ ಡೆರ್ ಲೆಯೆನ್ ಅಧ್ಯಕ್ಷೆ. ಯುರೋಪಿಯನ್ ಸಂಸತ್ತಿಗೆ ಬೇರೆ ಅಧ್ಯಕ್ಷರಿದ್ದಾರೆ. ಇಷ್ಟು ಸಾಲದೆಂಬಂತೆ ಸಚಿವರ ಮಂಡಳಿಯ ಅಧ್ಯಕ್ಷತೆ ಆರು ತಿಂಗಳಿಗೊಮ್ಮೆ ದೇಶದಿಂದ ದೇಶಕ್ಕೆ ಸರದಿಯಂತೆ ಹೋಗುತ್ತದೆ. 2012ರಲ್ಲಿ ಒಕ್ಕೂಟಕ್ಕೆ ನೊಬೆಲ್ ಶಾಂತಿ ಪ್ರಶಸ್ತಿ ಬಂದಾಗ ಅದನ್ನು ಸ್ವೀಕರಿಸಲು ಓಸ್ಲೊ ನಗರದ ವೇದಿಕೆಗೆ ಮೂವರು ಅಧ್ಯಕ್ಷರು ಹೋಗಬೇಕಾಯಿತು.

ಇದನ್ನು ಕಂಡು ನಗುವವರು ಬಹಳ. ಇಷ್ಟು ದೊಡ್ಡ ಒಕ್ಕೂಟಕ್ಕೆ ಜಗತ್ತೇ ಗುರುತಿಸಬಲ್ಲ ಒಬ್ಬ ಗಟ್ಟಿ ನಾಯಕ ಬೇಡವೇ ಎಂಬ ಪ್ರಶ್ನೆ ಪ್ರತಿ ಬಿಕ್ಕಟ್ಟಿನಲ್ಲೂ ಏಳುತ್ತದೆ. ನನಗೆ ಹಾಗೆ ಅನ್ನಿಸುವುದಿಲ್ಲ. ಕೌನ್ಸಿಲ್‌ನ ಪೀಠಕ್ಕೆ ಸದ್ದುಗದ್ದಲವಿಲ್ಲದ ಸಂಧಾನಕಾರರು ಬೇಕು. ಕಮಿಷನ್‌ನ ಪೀಠಕ್ಕೆ ಮತದಾನಕ್ಕೆ ಮೊದಲೇ ತಮ್ಮ ಹೆಸರನ್ನು ಜನರ ಮುಂದಿಟ್ಟವರು ಬೇಕು. ಮೊದಲನೆಯ ಆಯ್ಕೆಯನ್ನು ಒಕ್ಕೂಟ ಬಹುಮಟ್ಟಿಗೆ ಸರಿಯಾಗಿಯೇ ಮಾಡಿಕೊಂಡು ಬಂದಿದೆ. ಎಡವುತ್ತಿರುವುದು ಎರಡನೆಯದರಲ್ಲಿ.

2009ರ ಡಿಸೆಂಬರ್ 1ರಂದು ಲಿಸ್ಬನ್ ಒಪ್ಪಂದ ಜಾರಿಗೆ ಬಂದು ಕೌನ್ಸಿಲ್‌ಗೆ ಪೂರ್ಣಾವಧಿಯ ಅಧ್ಯಕ್ಷ ಹುದ್ದೆ ಹುಟ್ಟಿದಾಗ ಎಲ್ಲರ ಬಾಯಲ್ಲಿದ್ದ ಹೆಸರು ಬ್ರಿಟನ್‌ನ ಮಾಜಿ ಪ್ರಧಾನಿ ಟೋನಿ ಬ್ಲೇರ್ ಅವರದು. ಯಾವ ದೇಶದ ರಾಜಧಾನಿಗೆ ಹೋದರೂ ಪರಿಚಯ ಹೇಳಿಕೊಳ್ಳಬೇಕಾಗಿಲ್ಲದ ವ್ಯಕ್ತಿ ಅವರು. ಆದರೆ ಇರಾಕ್ ಯುದ್ಧದ ವಿಷಯದಲ್ಲಿ ಯುರೋಪನ್ನು ಎರಡು ಪಾಳೆಯವಾಗಿ ಒಡೆದ ನಿಲುವಿನ ಹೊರೆಯೂ ಅವರ ಮೇಲಿತ್ತು, ಅವರ ದೇಶ ಯೂರೋ ನಾಣ್ಯವನ್ನು ಒಪ್ಪಿಕೊಂಡಿರಲಿಲ್ಲ. ನವೆಂಬರ್ 19ರಂದು ಸೇರಿದ ನಾಯಕರು ಆರಿಸಿದ್ದು ಬೆಲ್ಜಿಯಂನ ಪ್ರಧಾನಿ ಹರ್ಮನ್ ವಾನ್ ರೊಂಪಾಯ್ ಅವರನ್ನು. ಬಿಡುವಿನಲ್ಲಿ ಹೈಕು ಬರೆಯುತ್ತಿದ್ದ ಈ ಮಿತಭಾಷಿಯ ಹೆಸರು ಅವರ ದೇಶದಾಚೆ ಹೆಚ್ಚಿನವರಿಗೆ ಗೊತ್ತಿರಲಿಲ್ಲ. ಮರುವರ್ಷ ಬ್ರಿಟನ್‌ನ ಸಂಸದ ನೈಜೆಲ್ ಫರಾಜ್ ಯುರೋಪಿಯನ್ ಸಂಸತ್ತಿನಲ್ಲೇ ಅವರನ್ನು ಒದ್ದೆ ಬಟ್ಟೆಗೆ ಹೋಲಿಸಿ ಮೂದಲಿಸಿದರು. ಅದಕ್ಕಾಗಿ ದಂಡವನ್ನೂ ತೆತ್ತರು.

ನನ್ನ ದೃಷ್ಟಿಯಲ್ಲಿ ಅದು ಒಕ್ಕೂಟ ಮಾಡಿದ ಒಳ್ಳೆಯ ಆಯ್ಕೆಗಳಲ್ಲೊಂದು. ಬೆಲ್ಜಿಯಂನಲ್ಲಿ ಡಚ್ ಮಾತಾಡುವವರೂ ಫ್ರೆಂಚ್ ಮಾತಾಡುವವರೂ ಒಬ್ಬರನ್ನೊಬ್ಬರು ನಂಬದೆ ಕುಳಿತಿದ್ದ ಹೊತ್ತಿನಲ್ಲಿ ಸಮ್ಮಿಶ್ರ ಸರ್ಕಾರ ನಡೆಸಿದ್ದ ಮನುಷ್ಯನಿಗೆ, ಯಾರನ್ನೂ ಸೋತವರೆಂದು ಕಾಣಿಸದೆ ಎಲ್ಲರನ್ನೂ ಒಂದು ಒಪ್ಪಂದಕ್ಕೆ ತರುವ ವಿದ್ಯೆ ತಿಳಿದಿತ್ತು, ಮತ್ತು ಆ ಪೀಠಕ್ಕೆ ಬೇಕಾದ ವಿದ್ಯೆ ಅದೊಂದೇ. ಕೌನ್ಸಿಲ್ ಅಧ್ಯಕ್ಷರಿಗೆ ಸಭೆಯಲ್ಲಿ ಮತವಿಲ್ಲ. ಸ್ವಂತ ಸೈನ್ಯವಿಲ್ಲ, ತೆರಿಗೆ ಹಾಕುವ ಅಧಿಕಾರವಿಲ್ಲ, ಆಜ್ಞೆ ಮಾಡಬಲ್ಲ ಸಚಿವರಿಲ್ಲ. ಅವಧಿ ಎರಡೂವರೆ ವರ್ಷ, ಒಮ್ಮೆ ಮಾತ್ರ ಮುಂದುವರಿಸಬಹುದು. ಅವರ ಕೈಯಲ್ಲಿರುವುದು ಕಾರ್ಯಸೂಚಿ, ನಿರ್ಣಯದ ಕರಡು ಮತ್ತು ದೂರವಾಣಿ. ವಿದೇಶಾಂಗ ನೀತಿ, ತೆರಿಗೆ, ಹೊಸ ಸದಸ್ಯರ ಸೇರ್ಪಡೆಯಂತಹ ವಿಷಯಗಳಲ್ಲಿ ಸರ್ವಾನುಮತ ಬೇಕಾಗಿರುವುದರಿಂದ, ಐದು ಲಕ್ಷಕ್ಕೆ ಸ್ವಲ್ಪ ಹೆಚ್ಚು ಜನಸಂಖ್ಯೆಯ ಮಾಲ್ಟಾದ ಪ್ರಧಾನಿಯ ಬೇಡವೂ ಎಂಟು ಕೋಟಿಗೂ ಮೀರಿದ ಜರ್ಮನಿಯ ಚಾನ್ಸಲರ್‌ನ ಬೇಡವೂ ಆ ಕೊಠಡಿಯಲ್ಲಿ ಒಂದೇ ತೂಕದವು.

ಆ ಕೊಠಡಿಯ ಕೆಲಸ ಹೇಗೆ ನಡೆಯುತ್ತದೆಂಬುದಕ್ಕೆ 2015ರ ಜುಲೈನ ಗ್ರೀಸ್ ಸಾಲದ ಸಭೆಯೇ ಸಾಕ್ಷಿ. ಇಡೀ ರಾತ್ರಿ ಕಳೆದು ಬೆಳಗಾದರೂ ಒಮ್ಮತ ಮೂಡದೆ ಎದ್ದು ಹೊರಡಲು ಸಿದ್ಧರಾಗಿದ್ದ ಜರ್ಮನಿಯ ಏಂಜೆಲಾ ಮರ್ಕೆಲ್ ಮತ್ತು ಗ್ರೀಸಿನ ಅಲೆಕ್ಸಿಸ್ ಸಿಪ್ರಾಸ್ ಅವರನ್ನು ಬಿಡದೆ ಕೂರಿಸಿದವರು ಅಂದಿನ ಅಧ್ಯಕ್ಷ, ಪೋಲೆಂಡಿನ ಡೊನಾಲ್ಡ್ ಟುಸ್ಕ್ ಎಂದು ಆಗ ವರದಿಯಾಗಿತ್ತು. ಗ್ರೀಸ್ ಯೂರೋ ವಲಯದಲ್ಲಿ ಉಳಿಯಿತು. 2023ರ ಡಿಸೆಂಬರ್ 14ರಂದು ಉಕ್ರೇನ್‌ನೊಡನೆ ಸದಸ್ಯತ್ವದ ಮಾತುಕತೆ ಆರಂಭಿಸುವ ನಿರ್ಣಯಕ್ಕೆ ಹಂಗೇರಿಯ ವಿಕ್ಟರ್ ಓರ್ಬಾನ್ ಅಡ್ಡ ನಿಂತಿದ್ದರು. ಜರ್ಮನಿಯ ಒಲಾಫ್ ಶೋಲ್ಜ್ ಅವರ ಸೂಚನೆಯಂತೆ ಓರ್ಬಾನ್ ಕೊಠಡಿಯಿಂದ ಹೊರಗೆ ಹೋದರು, ಉಳಿದ 26 ಮಂದಿ ಶಾರ್ಲ್ ಮಿಶೆಲ್ ಅಧ್ಯಕ್ಷತೆಯಲ್ಲಿ ನಿರ್ಣಯ ಮಾಡಿದರು. ಸರ್ವಾನುಮತದ ನಿಯಮ ಮುರಿಯಲಿಲ್ಲ, ಓರ್ಬಾನ್ ತಮ್ಮ ಮಾತು ಹಿಂದೆಗೆದುಕೊಳ್ಳಬೇಕಾಗಲೂ ಇಲ್ಲ. ಇಂತಹ ದಾರಿಗಳು ಹೊಳೆಯುವುದು, ಹೊಳೆದರೂ ನಡೆಯುವುದು, ಪೀಠದಲ್ಲಿರುವವರಿಗೆ ತಮ್ಮ ಕೀರ್ತಿಯ ಚಿಂತೆ ಇಲ್ಲದಾಗ ಮಾತ್ರ. ಬ್ಲೇರ್ ಅವರಂತಹ ವ್ಯಕ್ತಿ ಅಲ್ಲಿದ್ದಿದ್ದರೆ ಫ್ರಾನ್ಸ್ ಮತ್ತು ಜರ್ಮನಿಯ ನಾಯಕರೊಡನೆ ಸ್ಪರ್ಧೆಗಿಳಿಯುತ್ತಿದ್ದರೆಂಬುದು ನನ್ನ ಊಹೆ.

ಹಾಗಾದರೆ ಎರಡೂ ಪೀಠಗಳನ್ನು ಒಬ್ಬರಿಗೇ ಕೊಟ್ಟರೆ ಗೊಂದಲ ತಪ್ಪುವುದಿಲ್ಲವೇ? 2017ರ ಸೆಪ್ಟೆಂಬರ್‌ನಲ್ಲಿ ಅಂದಿನ ಕಮಿಷನ್ ಅಧ್ಯಕ್ಷ ಜಾನ್ ಕ್ಲಾಡ್ ಯುಂಕರ್ ಇದನ್ನೇ ಸೂಚಿಸಿದ್ದರು. ಕೌನ್ಸಿಲ್ ಅಧ್ಯಕ್ಷರು ತಮ್ಮ ದೇಶದಲ್ಲಿ ಹುದ್ದೆ ಹೊಂದಿರಬಾರದೆಂದು ಒಪ್ಪಂದ ಹೇಳುತ್ತದೆಯೇ ಹೊರತು ಕಮಿಷನ್‌ನ ಅಧ್ಯಕ್ಷರಾಗಿರಬಾರದೆಂದು ಹೇಳುವುದಿಲ್ಲವಾದ್ದರಿಂದ ಕಾನೂನಿನ ತೊಡಕೂ ದೊಡ್ಡದಲ್ಲ. 2021ರ ಏಪ್ರಿಲ್‌ನಲ್ಲಿ ಅಂಕಾರಾದಲ್ಲಿ ನಡೆದ ಪ್ರಸಂಗ ಈ ವಾದಕ್ಕೆ ಬಲ ಕೊಟ್ಟಿತು: ತುರ್ಕಿಯ ಅಧ್ಯಕ್ಷ ಎರ್ಡೋಗನ್ ಪಕ್ಕದ ಕುರ್ಚಿಯಲ್ಲಿ ಮಿಶೆಲ್ ಕುಳಿತುಬಿಟ್ಟರು, ಕುರ್ಚಿಯಿಲ್ಲದ ವಾನ್ ಡೆರ್ ಲೆಯೆನ್ ಕ್ಷಣಕಾಲ ನಿಂತಿದ್ದು ಕೊನೆಗೆ ಬದಿಯ ಸೋಫಾಕ್ಕೆ ಹೋಗಬೇಕಾಯಿತು. ನೋಡಲು ನಾಚಿಕೆಗೇಡಿನ ದೃಶ್ಯ, ನಿಜ. ಆದರೆ ಕುರ್ಚಿಯ ಜಗಳಕ್ಕಾಗಿ ಸಂಸ್ಥೆಗಳ ಸ್ವರೂಪವನ್ನೇ ಬದಲಿಸಲಾಗದು.

ಈ ಎರಡು ಹುದ್ದೆಗಳನ್ನು ಬೆಸೆಯಬಾರದೆನ್ನಲು ನನಗಿರುವ ಕಾರಣ ಬೇರೆ. ಕಮಿಷನ್ ಒಪ್ಪಂದಗಳ ಕಾವಲುಗಾರ. ಒಕ್ಕೂಟದ ಕಾನೂನನ್ನು ಮುರಿದ ಸದಸ್ಯ ದೇಶವನ್ನು ಲಕ್ಸೆಂಬರ್ಗಿನ ನ್ಯಾಯಾಲಯಕ್ಕೆ ಎಳೆಯುವುದು ಅದರ ಕರ್ತವ್ಯ. ಪೋಲೆಂಡ್ ಮತ್ತು ಹಂಗೇರಿಗಳ ಮೇಲೆ ಅದು ಹಾಗೆ ಮೊಕದ್ದಮೆ ಹೂಡಿಯೂ ಇದೆ. ಬೆಳಗ್ಗೆ ಒಂದು ಸರ್ಕಾರದ ವಿರುದ್ಧ ಮೊಕದ್ದಮೆಗೆ ಸಹಿ ಹಾಕಿದವರು ಸಂಜೆ ಅದೇ ಸರ್ಕಾರದ ಮುಖ್ಯಸ್ಥರನ್ನು ಸರ್ವಾನುಮತಕ್ಕೆ ಒಲಿಸಲು ಕುಳಿತರೆ, ಒಂದೋ ಮೊಕದ್ದಮೆ ಮೆತ್ತಗಾಗುತ್ತದೆ, ಇಲ್ಲವೇ ಸಂಧಾನ ಮುರಿಯುತ್ತದೆ.

ಒಕ್ಕೂಟವನ್ನು ಮುನ್ನಡೆಸುವ ನಿಜವಾದ ಅಧಿಕಾರ ಇರುವುದು ಕಮಿಷನ್‌ನಲ್ಲಿ, ಏಕೆಂದರೆ ಹೊಸ ಕಾನೂನಿನ ಕರಡು ಮಂಡಿಸುವ ಹಕ್ಕು ಬಹುತೇಕ ಅದರದೇ. 1985ರಲ್ಲಿ ಕಮಿಷನ್ ಅಧ್ಯಕ್ಷರಾಗಿ ಬಂದ ಜಾಕ್ ಡೆಲೋರ್ 1992ರ ಅಂತ್ಯದ ಗಡುವು ಇಟ್ಟು, ಸುಮಾರು 300 ಪ್ರಸ್ತಾವಗಳ ಪಟ್ಟಿ ಹಿಡಿದು, ಸರಕು, ಸೇವೆ, ಬಂಡವಾಳ ಮತ್ತು ಜನರ ಓಡಾಟಕ್ಕೆ ಗಡಿಗಳ ಅಡ್ಡಿ ತೆಗೆಯುವ ಏಕ ಮಾರುಕಟ್ಟೆಯನ್ನು ಕಟ್ಟಿದ್ದು ಈ ಹಕ್ಕಿನ ಬಲದಿಂದ. ಜರ್ಮನಿಯ ಕೋಲ್ ಮತ್ತು ಫ್ರಾನ್ಸಿನ ಮಿತ್ತರಾಂ ಬೆಂಬಲಕ್ಕಿದ್ದರೆಂಬುದನ್ನೂ ಮರೆಯುವಂತಿಲ್ಲ. ಆ ಬೆಂಬಲವಿಲ್ಲದೆ ಮುನ್ನುಗ್ಗಿದ ಮೊದಲ ಅಧ್ಯಕ್ಷ ವಾಲ್ಟರ್ ಹಾಲ್‌ಸ್ಟೈನ್ ಅವರಿಗೆ 1965ರಲ್ಲಿ ಬೇರೆಯೇ ಅನುಭವವಾಯಿತು: ಒಕ್ಕೂಟದ ಹಿಂದಿನ ರೂಪವಾಗಿದ್ದ ಸಮುದಾಯಕ್ಕೆ ಸ್ವಂತ ಆದಾಯ ಕೊಡಿಸಲು ಅವರು ಹೊರಟಾಗ ಡಿ ಗಾಲ್ ಫ್ರಾನ್ಸಿನ ಪ್ರತಿನಿಧಿಗಳನ್ನು ಸಚಿವರ ಸಭೆಗಳಿಂದ ಹೊರಗಿಟ್ಟು ಅರ್ಧ ವರ್ಷ ಕೆಲಸವನ್ನೇ ಕಟ್ಟಿಹಾಕಿದರು.

ಇಷ್ಟು ಅಧಿಕಾರದ ಹುದ್ದೆಗೆ ಆಯ್ಕೆ ದೀರ್ಘಕಾಲ ಮುಚ್ಚಿದ ಬಾಗಿಲ ಹಿಂದೆಯೇ ನಡೆಯಿತು. 1994ರಲ್ಲಿ ಬೆಲ್ಜಿಯಂನ ಜಾನ್ ಲುಕ್ ಡೆಹಾನ ಅವರನ್ನು ಬ್ರಿಟನ್‌ನ ಜಾನ್ ಮೇಜರ್ ಒಬ್ಬರೇ ತಡೆದರು. ಬದಲಿಗೆ ಬಂದ ಲಕ್ಸೆಂಬರ್ಗಿನ ಜಾಕ್ ಸಾಂಟೆರ್ ಅವರ ಕಮಿಷನ್ ಅವ್ಯವಹಾರದ ಆರೋಪಗಳ ನಡುವೆ 1999ರ ಮಾರ್ಚ್‌ನಲ್ಲಿ ಸಾಮೂಹಿಕವಾಗಿ ರಾಜೀನಾಮೆ ಕೊಟ್ಟಿತು. ಈಗ ಒಂದು ದೇಶಕ್ಕೆ ತಡೆಯುವ ಅಧಿಕಾರವಿಲ್ಲ. ಸರ್ಕಾರಗಳ ಮುಖ್ಯಸ್ಥರು ವಿಶೇಷ ಬಹುಮತದಿಂದ, ಅಂದರೆ ಶೇ 72ರಷ್ಟು ದೇಶಗಳೂ ಶೇ 65ರಷ್ಟು ಜನಸಂಖ್ಯೆಯೂ ಒಪ್ಪುವಂತೆ, ಚುನಾವಣೆಯ ಫಲಿತಾಂಶವನ್ನು ಗಮನಕ್ಕೆ ತೆಗೆದುಕೊಂಡು ಒಂದು ಹೆಸರು ಸೂಚಿಸಬೇಕು. ಸಂಸತ್ತಿನ ಒಟ್ಟು ಸದಸ್ಯರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಅದಕ್ಕೆ ಮತ ಹಾಕಬೇಕು. ಗಮನಕ್ಕೆ ತೆಗೆದುಕೊಳ್ಳುವುದೆಂದರೆ ಎಷ್ಟು ಎಂಬಲ್ಲಿಂದ ಜಗಳ ಶುರು.

2014ರಲ್ಲಿ ಸಂಸತ್ತಿನ ಪಕ್ಷಗಳು ತಮ್ಮ ಅಭ್ಯರ್ಥಿಗಳ ಹೆಸರನ್ನು ಮತದಾನಕ್ಕೆ ಮುನ್ನವೇ ಪ್ರಕಟಿಸಿದವು. ಹೆಚ್ಚು ಸ್ಥಾನ ಗೆದ್ದ ಪೀಪಲ್ಸ್ ಪಾರ್ಟಿಯ ಯುಂಕರ್, ಬ್ರಿಟನ್‌ನ ಕ್ಯಾಮರೂನ್ ಮತ್ತು ಓರ್ಬಾನ್ ಇಬ್ಬರ ವಿರೋಧವನ್ನು ಮೀರಿ ಅಧ್ಯಕ್ಷರಾದರು. ಇದೇ ಪದ್ಧತಿ ಮುಂದುವರಿಯಲಿ ಎಂದು ಸಂಸತ್ತು 2018ರ ಫೆಬ್ರುವರಿಯಲ್ಲಿ ಠರಾವು ಮಾಡಿ, ಮೊದಲೇ ಹೆಸರು ಪ್ರಕಟವಾಗದವರನ್ನು ತಿರಸ್ಕರಿಸುವುದಾಗಿ ಎಚ್ಚರಿಸಿತು. 2019ರಲ್ಲಿ ಮತದಾನದ ಪ್ರಮಾಣ ಹಿಂದಿನ ಬಾರಿಯ ಶೇ 42.6ರಿಂದ ಶೇ 50.7ಕ್ಕೆ ಏರಿತು. ಪ್ರಚಾರಕ್ಕಿಳಿದಿದ್ದವರು ಮ್ಯಾನ್‌ಫ್ರೆಡ್ ವೇಬರ್, ಫ್ರಾನ್ಸ್ ಟಿಮ್ಮರ್‌ಮನ್ಸ್ ಮೊದಲಾದವರು. ಸರ್ಕಾರದಲ್ಲಿ ಯಾವ ಹುದ್ದೆಯನ್ನೂ ನಿರ್ವಹಿಸದ ವೇಬರ್ ಅವರನ್ನು ಫ್ರಾನ್ಸಿನ ಮ್ಯಾಕ್ರಾನ್ ಒಪ್ಪಲಿಲ್ಲ, ಟಿಮ್ಮರ್‌ಮನ್ಸ್ ಅವರನ್ನು ಪೂರ್ವದ ಕೆಲವು ದೇಶಗಳು ಒಪ್ಪಲಿಲ್ಲ. ಕೊನೆಗೆ ಯಾವ ಮತದಾರನೂ ಕೇಳಿರದ ಹೆಸರು, ಜರ್ಮನಿಯ ರಕ್ಷಣಾ ಸಚಿವೆ ವಾನ್ ಡೆರ್ ಲೆಯೆನ್ ಅವರದು, ಹೊರಬಂತು. ಠರಾವು ಮಾಡಿದ್ದ ಅದೇ ಸಂಸತ್ತು, ಬೇಕಿದ್ದ 374ಕ್ಕೆ ಒಂಬತ್ತು ಹೆಚ್ಚು ಮತ ಕೊಟ್ಟು ಅವರನ್ನು ಆರಿಸಿತು. ಸರ್ಕಾರಗಳ ಹಟಕ್ಕಿಂತ ಸಂಸತ್ತಿನ ಈ ಶರಣಾಗತಿಯೇ ನನಗೆ ಹೆಚ್ಚು ಬೇಸರ ತಂದ ಸಂಗತಿ.

ಹಾಗೆ ಬಂದವರು ದುರ್ಬಲರಾಗಲಿಲ್ಲ ಎಂಬುದನ್ನು ಒಪ್ಪಿಕೊಳ್ಳಲೇಬೇಕು. ಕೋವಿಡ್ ಕಾಲದಲ್ಲಿ ಒಕ್ಕೂಟ ಮೊದಲ ಬಾರಿಗೆ ಇಷ್ಟು ದೊಡ್ಡ ಪ್ರಮಾಣದಲ್ಲಿ ಒಟ್ಟಾಗಿ ಸಾಲ ಎತ್ತಿ 75,000 ಕೋಟಿ ಯೂರೋಗಳ ಚೇತರಿಕೆ ನಿಧಿ ಸ್ಥಾಪಿಸಿದ್ದು ಅವರ ಪ್ರಸ್ತಾವದಿಂದಲೇ. ಆದರೆ ಅದೇ ಕಾಲದ ಲಸಿಕೆ ಖರೀದಿಯಲ್ಲಿ ಫೈಜರ್ ಕಂಪನಿಯ ಮುಖ್ಯಸ್ಥರೊಡನೆ ಅವರು ನಡೆಸಿದ ಮೊಬೈಲ್ ಸಂದೇಶಗಳನ್ನು ತೋರಿಸಲು ಕಮಿಷನ್ ನಿರಾಕರಿಸಿದ್ದು ಸರಿಯಲ್ಲವೆಂದು ಒಕ್ಕೂಟದ ಜನರಲ್ ಕೋರ್ಟ್ 2025ರ ಮೇ ತಿಂಗಳಲ್ಲಿ ತೀರ್ಪಿತ್ತಿತು. ಜುಲೈನಲ್ಲಿ ಬಂದ ಅವಿಶ್ವಾಸ ನಿರ್ಣಯ 175ಕ್ಕೆ ಎದುರಾಗಿ 360 ಮತಗಳಿಂದ ಬಿದ್ದುಹೋಯಿತು. ಸಮರ್ಥರೋ ಅಲ್ಲವೋ ಎಂಬುದು ಒಂದು ಪ್ರಶ್ನೆ, ಯಾರಿಗೆ ಲೆಕ್ಕ ಒಪ್ಪಿಸಬೇಕು ಎಂಬುದು ಇನ್ನೊಂದು.

ನೇರ ಚುನಾವಣೆ ಇದಕ್ಕೆ ಮದ್ದೆಂದು ನಾನು ನಂಬುವುದಿಲ್ಲ. 24 ಅಧಿಕೃತ ಭಾಷೆಗಳ ಪ್ರದೇಶದಲ್ಲಿ ಒಬ್ಬೊಬ್ಬರಿಗೂ ಒಂದೊಂದು ಮತವಿಟ್ಟು ಅಧ್ಯಕ್ಷರನ್ನು ಆರಿಸಿದರೆ ಅಭ್ಯರ್ಥಿಗಳು ಜರ್ಮನಿ, ಫ್ರಾನ್ಸ್, ಇಟಲಿಗಳನ್ನು ಸುತ್ತಿ ಮನೆಗೆ ಹೋಗುತ್ತಾರೆ. 720 ಸ್ಥಾನಗಳ ಸಂಸತ್ತಿನಲ್ಲಾದರೋ ಜರ್ಮನಿಗೆ 96, ಮಾಲ್ಟಾಕ್ಕೆ 6 ಎಂದು ಸಣ್ಣವರಿಗೆ ಜನಸಂಖ್ಯೆಗಿಂತ ಹೆಚ್ಚಿನ ತೂಕ ಕೊಡಲಾಗಿದೆ. ಆ ಸಂಸತ್ತಿನ ಮೂಲಕವೇ ನಾಯಕರು ಬರುವುದು ಮೇಲು. ಇಡೀ ಒಕ್ಕೂಟವನ್ನೇ ಒಂದು ಕ್ಷೇತ್ರವೆಂದು ಎಣಿಸಿ 28 ಸ್ಥಾನಗಳನ್ನು ತುಂಬಬೇಕೆಂದು ಸಂಸತ್ತು 2022ರ ಮೇ ತಿಂಗಳಲ್ಲಿ ಪ್ರಸ್ತಾವಿಸಿತು. ಆ ಪಟ್ಟಿಗಳ ತುದಿಯಲ್ಲಿ ಕಮಿಷನ್‌ನ ಅಧ್ಯಕ್ಷ ಪದವಿಯ ಅಭ್ಯರ್ಥಿಗಳೇ ಇದ್ದರೆ ಫಿನ್‌ಲೆಂಡಿನ ಮತದಾರರೂ ಗ್ರೀಸಿನ ಮತದಾರರೂ ಒಂದೇ ಹೆಸರಿಗೆ ಹೌದು ಅಥವಾ ಅಲ್ಲ ಎನ್ನಬಹುದಿತ್ತು. ಸರ್ಕಾರಗಳು ಅದಕ್ಕೆ ಒಪ್ಪಿಗೆ ಕೊಡದ ಕಾರಣ 2024ರ ಚುನಾವಣೆ ಹಳೆಯ ನಿಯಮದಲ್ಲೇ ನಡೆಯಿತು. ವಾನ್ ಡೆರ್ ಲೆಯೆನ್ ಈ ಬಾರಿ ಪಕ್ಷದ ಘೋಷಿತ ಅಭ್ಯರ್ಥಿಯಾಗಿದ್ದರೂ ಸಂಸತ್ತಿನ ಸ್ಥಾನಕ್ಕೆ ಸ್ವತಃ ಸ್ಪರ್ಧಿಸಲಿಲ್ಲ. ಜೂನ್ 27ರಂದು ಅವರು, ಕೋಸ್ಟಾ ಮತ್ತು ವಿದೇಶಾಂಗದ ಹೊಣೆಗೆ ಎಸ್ಟೋನಿಯಾದ ಕಾಯಾ ಕಲ್ಲಾಸ್ ಎಂಬ ಮೂರು ಹೆಸರುಗಳು ಪಕ್ಷ, ದಿಕ್ಕು, ಲಿಂಗಗಳ ಸಮತೋಲನ ನೋಡಿ ಒಂದೇ ಕಟ್ಟಿನಲ್ಲಿ ತೀರ್ಮಾನವಾದವು. ಮೊದಲ ಹೆಸರಿಗೆ ಇಟಲಿಯ ಮೆಲೋನಿ ಮತ ಹಾಕದೆ ಉಳಿದರು, ಉಳಿದೆರಡಕ್ಕೆ ವಿರುದ್ಧ ಮತ ಹಾಕಿದರು.

ಕೋಸ್ಟಾ ಅವರ ಆಯ್ಕೆಯ ಮಟ್ಟಿಗೆ ಇಂತಹ ಕಟ್ಟುಗಳ ಬಗ್ಗೆ ನನ್ನ ತಕರಾರಿಲ್ಲ, ಸರ್ಕಾರಗಳ ಸಭೆಗೆ ಅಧ್ಯಕ್ಷರನ್ನು ಸರ್ಕಾರಗಳೇ ಆರಿಸುವುದು ಸಹಜ. ಕಮಿಷನ್‌ನ ಹೆಸರು ಮಾತ್ರ ಆ ಕಟ್ಟಿನಿಂದ ಹೊರಗೆ ಬರಬೇಕು. ಮುಂದಿನ ಚುನಾವಣೆ 2029ರಲ್ಲಿ. ಹೆಸರು ಪ್ರಕಟಿಸದವರನ್ನು ತಿರಸ್ಕರಿಸುತ್ತೇವೆಂದು ಸಂಸತ್ತು ಮತ್ತೊಮ್ಮೆ ಹೇಳುವುದಾದರೆ, ಒಮ್ಮೆಯಾದರೂ ಒಬ್ಬರನ್ನು ತಿರಸ್ಕರಿಸಿ ತೋರಿಸಬೇಕಾಗುತ್ತದೆ.